ಒಲೆಯ ಮೇಲಿನ ಮರಳು

ನೋವೈ ಊರಿನ ನಮ್ಮ ಮನೆಯ ಅಡುಗೆಮನೆಯ ಲೈಟಿನ ಸ್ವಿಚ್ಚು ಎಡಗೈಗೆ ಸಿಗುತ್ತಿತ್ತೋ ಬಲಗೈಗೋ ಎನ್ನುವುದು ನನಗೆ ಮರೆತುಹೋಗಿದೆ. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಹೇಳಿಕೊಳ್ಳುವಷ್ಟು ದೊಡ್ಡ ವಿಷಯವೂ ಅಲ್ಲ. ನಾಲ್ಕನೇ ಕ್ಲಾಸಿನಿಂದ ಎಂ.ಎ. ಮುಗಿಯುವವರೆಗೆ ಅದೇ ಮನೆಯಲ್ಲಿ ಇದ್ದವಳು ನಾನು. ನೀರು ಕುಡಿಯಲು ಕೆಳಗಿಳಿದು ಬಂದಾಗಲೆಲ್ಲ ಕೈ ತಾನಾಗಿ ಹೋಗಿ ಆ ಸ್ವಿಚ್ಚನ್ನು ಒತ್ತುತ್ತಿತ್ತು. ಈಗ ಕಣ್ಣು ಮುಚ್ಚಿ ಗರಾಜಿನ ಬಾಗಿಲಿನಿಂದ ಶುರು ಮಾಡುತ್ತೇನೆ. ವಾಷಿಂಗ್ ಮಷೀನು, ಅಪ್ಪನ ಸ್ನೋ ಬೂಟು, ಅಮ್ಮ ಅಕ್ಕಿಮೂಟೆ ಇಡುತ್ತಿದ್ದ ಮೂಲೆ, ಆಮೇಲೆ ಅಡುಗೆಮನೆಯ ಬಾಗಿಲು. ಅಲ್ಲಿಗೆ ಬಂದಾಗ ಎರಡೂ ಕೈ ಒಟ್ಟಿಗೆ ಏಳುತ್ತವೆ.

ಹೋಗಿ ನೋಡಿಬಂದರಾಯಿತು ಎನ್ನುವಂತಿಲ್ಲ. ಆ ಗೋಡೆ ಈಗ ಇಲ್ಲ. ಮನೆಯೂ ಶುಕ್ರವಾರದ ನಂತರ ನಮ್ಮದಲ್ಲ.

ಡೆಟ್ರಾಯಿಟ್ ಕಡೆಯವರನ್ನು ನಿಮ್ಮೂರು ಎಲ್ಲಿ ಎಂದು ಕೇಳಿದರೆ ಬಲಗೈ ಎತ್ತಿ ಅಂಗೈಯಲ್ಲಿ ತೋರಿಸುತ್ತಾರೆ. ರಾಜ್ಯದ ನಕ್ಷೆ ಕೈಗವಸಿನ ಆಕಾರದ್ದು. ನೋವೈ ಹೆಬ್ಬೆರಳ ಬುಡದ ಕೆಳಗೆ ಬರುತ್ತದೆ. ಈ ಬೇಸಿಗೆ ನಾನು ಕೆಲಸ ಮಾಡುತ್ತಿರುವ ಜಾಗ ಅಂಗೈಯಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಇನ್ನೊಂದು ಕೈಯನ್ನು ಮೇಲೆ ಅಡ್ಡ ಹಿಡಿಯಬೇಕು. ಲೇಕ್ ಸುಪೀರಿಯರ್ ದಂಡೆ, ಹಿಂದೆ ಕಾಡು, ಹತ್ತಿರದ ಪೆಟ್ರೋಲ್ ಬಂಕಿಗೆ ನಲವತ್ತು ಮೈಲಿ. ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ಒಂದು ಮನೆ ಇತ್ತು. ಊರಲ್ಲ, ಕೋಟೆಯಲ್ಲ, ಒಂದೇ ಒಂದು ಮನೆ. ಅದರ ಉಳಿಕೆಯನ್ನು ಕರಣೆಯಿಂದ ಕೆರೆದು, ಜರಡಿ ಹಿಡಿದು, ಅಳೆದು ಬರೆದುಕೊಳ್ಳುವ ಗುಂಪಿನಲ್ಲಿ ನಾನೊಬ್ಬಳು. ಆ ಮನೆಯವರ ವಂಶದವರು ಈಗಲೂ ಈ ಸರೋವರದ ಸುತ್ತ ಇದ್ದಾರೆ. ಅವರ ಒಪ್ಪಿಗೆಯ ಮೇಲೆಯೇ ಕೆಲಸ. ಮೊದಲ ದಿನ ಅವರಲ್ಲೊಬ್ಬ ಅಜ್ಜಿ ಬಂದು, ಮಣ್ಣಿಗೆ ಒಂದು ಚಿಟಿಕೆ ತಂಬಾಕು ಹಾಕಿ, ಒಳಗಿರುವವರನ್ನು ಮಾತಾಡಿಸುವ ಹಾಗೆ ಮೆಲ್ಲಗೆ ಏನೋ ಹೇಳಿಹೋದರು. ಒಲೆಯನ್ನು ಪೂರ್ತಿ ಅಗೆಯಬಾರದು, ಅರ್ಧ ಮುಟ್ಟದೆ ಬಿಡಬೇಕು ಎಂದು ಮಾತಾಗಿತ್ತು.

ನನಗೆ ಈ ಕೆಲಸ ಹಿಡಿಸಿದ್ದು ಇಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ ಎಂಬ ಕಾರಣಕ್ಕೆ. ದಿನವಿಡೀ ತಲೆ ತಗ್ಗಿಸಿ ಕೂತರೆ ಕೆಲಸಗಾರ್ತಿ ಎನ್ನುತ್ತಾರೆಯೇ ಹೊರತು ಮೂಗಿ ಎನ್ನುವುದಿಲ್ಲ. ಅಮ್ಮ ಮಾತ್ರ ಬಿಡುತ್ತಿರಲಿಲ್ಲ. "ಬಾಯಿಗೆ ಬರೋದನ್ನೆಲ್ಲ ಡೈರಿಗೇ ಹಾಕ್ತೀಯ. ನಮ್ಗೇನು ಉಳಿಯತ್ತೆ, ಆಯ್ತು, ಪರವಾಗಿಲ್ಲ, ಇಷ್ಟೇನಾ? ತೇಜಸ್ವಿನಿ ಅಂತ ಹೆಸರಿಟ್ಟಿದ್ದು ದಂಡವಾಯ್ತು."

ಅಮ್ಮ ತೀರಿಕೊಂಡದ್ದು ಕಳೆದ ನವೆಂಬರಿನ ಒಂದು ಗುರುವಾರ ಸಾಯಂಕಾಲ ಆರು ಮುಕ್ಕಾಲಿಗೆ, ಫ್ಯಾಮಿಲಿ ರೂಮಿನ ಕಿಟಕಿಯ ಪಕ್ಕ ಹಾಕಿದ್ದ ಬಾಡಿಗೆಯ ಆಸ್ಪತ್ರೆ ಮಂಚದ ಮೇಲೆ. ಕಾಯಿಲೆ ಬೇಸಿಗೆಯಿಂದಲೇ ಇತ್ತು. ನಾನು ಆಗ ಅಡುಗೆಮನೆಯಲ್ಲಿ ಗಂಜಿ ಬಿಸಿ ಮಾಡುತ್ತಿದ್ದೆ. ಅಪ್ಪ "ತೇಜೂ" ಎಂದ. ಆ ದನಿಯಲ್ಲೇ ಗೊತ್ತಾಯಿತು. ಆದರೂ ಒಲೆ ಆಫ್ ಮಾಡಿ, ಲೈಟು ಆರಿಸಿ ಹೋದೆ. ರೂಮು ಬಿಡುವಾಗ ಲೈಟು ಆರಿಸದಿದ್ದರೆ "ಕರೆಂಟ್ ಬಿಲ್ಲು ನಿಮ್ ತಾತ ಕಟ್ತಾನಾ" ಎಂದು ಕೂಗುತ್ತಿದ್ದವಳು ಅವಳೇ. ಅವಳ ಕೊನೆಯ ಉಸಿರಿಗೂ ನನಗೂ ನಡುವೆ ಇದ್ದದ್ದು ಆ ಸ್ವಿಚ್ಚು ಒತ್ತುವಷ್ಟು ಹೊತ್ತು. ಒತ್ತಿದ ಕೈ ಯಾವುದೆಂದು ನನಗೆ ನೆನಪಿಲ್ಲ.

ಮಾರನೆಯ ಬೆಳಗಾಗುವಷ್ಟರಲ್ಲಿ ಐದು ಗಂಟೆ ಕಾರುದಾರಿಯ ಪ್ಲೇನ್‌ಫೀಲ್ಡಿನಿಂದ ಪದ್ಮ ದೊಡ್ಡಮ್ಮ ಬಂದಿಳಿದರು. ಅಮ್ಮನ ಅಕ್ಕ. ಬಂದವರೇ ಮಂಡ್ಯದ ಕಡೆಯ ಊರಿನಲ್ಲಿರುವ ತಮ್ಮ ತಾಯಿ ಕಾಳಮ್ಮಜ್ಜಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಅಜ್ಜಿ ಅತ್ತು ಅತ್ತು ಒಡೆದುಹೋದ ದನಿಯಲ್ಲಿ ಕೇಳಿದಳು, "ಎಷ್ಟೊತ್ಗೆ ಹೋದ್ಲವ್ವಾ ನನ್ ಕೌಸಲ್ಯಾ? ಸರ್ಯಾಗ್ ಹೇಳು, ಜೋಯಿಸ್ರು ಇಲ್ಲೇ ಕುಂತವ್ರೆ."

"ಗುರುವಾರ ಸಾಯಂಕಾಲ ಕಣವ್ವ. ಆರೂ ಮುಕ್ಕಾಲು."

ಆ ಕಡೆ ಪಂಚಾಂಗದ ಹಾಳೆ ತಿರುಗುವ ಸದ್ದು. ನಮ್ಮ ಫ್ಯಾಮಿಲಿ ರೂಮಿನಲ್ಲಿ ಎಲ್ಲರೂ ಆ ಸದ್ದನ್ನೇ ಕೇಳುತ್ತ ನಿಂತಿದ್ದೆವು. ಆಮೇಲೆ ಜೋಯಿಸರ ದನಿ ಬಂತು, "ರೇವತಿ ನಕ್ಷತ್ರ ಕಣಮ್ಮ. ಪಂಚಕ. ಆರು ತಿಂಗಳು ಮನೆ ಮುಚ್ಚಬೇಕು."

ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರಗಳಲ್ಲಿ ಸಾವಾದರೆ ಆ ಮನೆಯಲ್ಲಿ ಇರಬಾರದು, ಇದ್ದರೆ ಇನ್ನೊಂದು ಸಾವನ್ನು ಕರೆದಂತೆ ಎನ್ನುತ್ತಾರೆ ನಮ್ಮಲ್ಲಿ. ಜೋಯಿಸರೂ ಅದನ್ನೇ ಹೇಳಿದರು.

"ಇನ್ನೊಂದು ಅನ್ನೋ ಮಾತು ಕಿವಿ ಮೇಲೆ ಬಿದ್ದಾಯ್ತು," ಎಂದರು ದೊಡ್ಡಮ್ಮ ಕಣ್ಣೊರೆಸಿಕೊಂಡು, ಅಪ್ಪನ ಕಡೆ ತಿರುಗಿ. "ಇನ್ನು ಈ ಮಗೂನ ನಾನು ಇಲ್ಲಿ ಮಲಗಿಸಲ್ಲ ವಿಜಯ್. ಎಲ್ಲಾ ಮುಗಿಸ್ಕೊಂಡು ಇಬ್ರೂ ನಮ್ಮನೆಗೆ ಬರ್ತೀರ."

ನೋಡಲು ಬಂದಿದ್ದ ಅಂಕಲ್ ಒಬ್ಬರು, "ಇಲ್ಲೇ ದೇವಸ್ಥಾನದ ಪುರೋಹಿತರನ್ನೂ ಒಂದ್ ಮಾತು ಕೇಳ್ಬಿಡೋಣ್ವಾ?" ಎಂದರು.

"ಬೇಡ," ಎಂದ ಅಪ್ಪ. "ಯಾರನ್ನೂ ಕೇಳೋದು ಬೇಡ. ಅತ್ತೆ ಹೇಳಿದಾರಲ್ಲ, ಮುಗೀತು."

ರಾಹುಕಾಲ ಎಂದರೆ ನಗುತ್ತಿದ್ದ ಮನುಷ್ಯ ಹೀಗೆ ಹೇಳಿದ್ದು ನನಗೆ ಆಶ್ಚರ್ಯವಾಗಲಿಲ್ಲ. ದುಃಖದಲ್ಲಿ ಯಾರು ಏನನ್ನು ಬೇಕಾದರೂ ನಂಬಬಹುದು ಎಂದುಕೊಂಡೆ. ಮೂಲೆಯಲ್ಲಿ ನಿಂತಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ "ಆಯ್ತು" ಎನ್ನುತ್ತಿದ್ದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಮನೆ ಮುಚ್ಚಿದೆವು. ಮುಚ್ಚಿದ ಬಾಗಿಲಿಗೆ ಮುಳ್ಳು ಹಾಕಬೇಕು. ಊರಿನಲ್ಲಾದರೆ ಜಾಲಿಮುಳ್ಳು ಇರುತ್ತದೆ. ಸಬ್‌ಡಿವಿಷನ್ನಿನಲ್ಲಿ ಮುಳ್ಳಿಗೆ ಎಲ್ಲಿ ಹೋಗುವುದು? ದೊಡ್ಡಮ್ಮ ಅಮ್ಮನ ಗುಲಾಬಿ ಗಿಡದ ಒಣಕೊಂಬೆಗಳನ್ನೇ ಕತ್ತರಿಸಿ ಬಾಗಿಲಿಗೆ ಅಡ್ಡ ಇಟ್ಟರು. ವಾರದೊಳಗೆ ಬಡಾವಣೆಯ ಸಂಘ ಎಚ್‌ಓಎಯಿಂದ ನೋಟಿಸು ಬಂತು, ಮುಂಬಾಗಿಲಿನಲ್ಲಿ ಗಾರ್ಡನ್ ಕಸ ಬಿಟ್ಟಿದ್ದೀರಿ ಎಂದು. ಎಷ್ಟೋ ದಿನಗಳ ಮೇಲೆ ಅಪ್ಪ ನಕ್ಕದ್ದು ಅದಕ್ಕೇ.

ಹೊರಡುವ ಮುಂಚೆ ಅಪ್ಪ ಪೈಪು ಹೆಪ್ಪುಗಟ್ಟದಿರುವಷ್ಟು ಬಿಸಿ ಉಳಿಯಲೆಂದು ಥರ್ಮೋಸ್ಟಾಟನ್ನು ಐವತ್ತೈದು ಫ್ಯಾರನ್‌ಹೀಟಿಗೆ ಇಳಿಸಿದ್ದ. ಎಲ್ಲರೂ ಕಾರು ಹತ್ತಿದ ಮೇಲೆ ದೊಡ್ಡಮ್ಮ "ಒಂದ್ನಿಮಿಷ ಇರಿ" ಎಂದು ಇಳಿದು ಒಳಗೆ ಹೋಗಿಬಂದರು. ಮುಚ್ಚಿದ ಮನೆಯಲ್ಲಿ ಬೆಂಕಿ ಉರಿಯಬಾರದಲ್ಲ. ಬೇಸ್‌ಮೆಂಟಿನಲ್ಲಿ ಮನೆಯನ್ನು ಬೆಚ್ಚಗಿಡುವ ಫರ್ನೇಸಿನ ಕಿಂಡಿಯಲ್ಲಿ ನೀಲಿ ಉರಿ ಕಾಣುತ್ತದೆ, ಅದನ್ನು ಆರಿಸಿ ಬಂದಿದ್ದರು. ಇದು ನಮಗೆ ಗೊತ್ತಾದದ್ದು ಜನವರಿಯಲ್ಲಿ, ಸೊನ್ನೆಗಿಂತ ಕೆಳಗಿನ ಚಳಿ ಕೂತಾಗ. ಮೇಲಿನ ಬಾತ್‌ರೂಮಿನ ಪೈಪು ಒಡೆದು, ನೀರು ದಿನಗಟ್ಟಲೆ ಹರಿದು, ಗರಾಜಿನ ಬಾಗಿಲಿನ ಕೆಳಗಿಂದ ಮಂಜುಗಡ್ಡೆ ಹೊರಬಂದದ್ದನ್ನು ಪಕ್ಕದ ಮನೆಯವರು ನೋಡಿ ಫೋನು ಮಾಡಿದರು. ಅಡುಗೆಮನೆಯ ಸೀಲಿಂಗು ಸ್ಟವ್ವಿನ ಮೇಲೆ ಬಿದ್ದಿತ್ತು. ರಿಪೇರಿಯವರು ಬಂದು ಒದ್ದೆ ಗೋಡೆಗಳನ್ನೆಲ್ಲ ಕಿತ್ತುಹಾಕಿ, ಮರದ ನಿಲುವುಗಳನ್ನು ಮಾತ್ರ ಉಳಿಸಿಹೋದರು.

ದೊಡ್ಡಮ್ಮ ಎದೆ ಹಿಡಿದುಕೊಂಡು ಕೂತರು. ಆಮೇಲೆ, "ನಕ್ಷತ್ರ ಸುಳ್ಳಾಗಲ್ಲ ನೋಡು ತೇಜು. ನೀವಲ್ಲಿ ಇದ್ದಿದ್ರೆ ಆ ಸೀಲಿಂಗು ನಿಮ್ ತಲೆ ಮೇಲೇ ಬೀಳ್ತಿತ್ತು" ಎಂದರು. ನಾವಲ್ಲಿ ಇದ್ದಿದ್ದರೆ ಫರ್ನೇಸು ಉರಿಯುತ್ತಿತ್ತು ಎಂದು ಯಾರೂ ಹೇಳಲಿಲ್ಲ. ಅಪ್ಪ ಎದ್ದುಹೋಗಿ ಅವರಿಗೊಂದು ಲೋಟ ನೀರು ತಂದುಕೊಟ್ಟ.

ಪ್ಲೇನ್‌ಫೀಲ್ಡಿನಲ್ಲಿ ಏನೂ ಕೊರತೆಯಿರಲಿಲ್ಲ, ಬಾಗಿಲು ಹಾಕಿಕೊಳ್ಳುವ ಒಂದು ರೂಮನ್ನು ಬಿಟ್ಟರೆ. ನನ್ನನ್ನು ಒಂಟಿಯಾಗಿ ಬಿಡಬಾರದೆಂದು ದೊಡ್ಡಮ್ಮ ನನ್ನ ಪಕ್ಕದಲ್ಲೇ ಮಲಗುತ್ತಿದ್ದರು. ಒಂದು ಸಲ ನನ್ನ ಉಸಿರು ಬಿಗಿದದ್ದು ಅವರಿಗೆ ಗೊತ್ತಾಗಿ, "ಅಳ್ಬೇಡ ಕಣೇ ಕಂದ, ನಾವ್ ಅತ್ರೆ ಹೋದೋರ ದಾರಿ ಕೆಸರಾಗತ್ತೆ" ಎಂದು ತಲೆ ಸವರಿದರು. ಅಷ್ಟು ಮೃದುವಾಗಿ ಹೇಳಿದರು. ಆವತ್ತಿನಿಂದ ನಾನು ಅತ್ತಿಲ್ಲ. ಅಳು ನಿಂತಿದೆ ಎಂದಲ್ಲ, ಅದಕ್ಕೆ ಜಾಗ ಸಿಕ್ಕಿಲ್ಲ.

ಅಪ್ಪ ಅಲ್ಲೇ ಹತ್ತಿರದ ಎಲ್ಕ್ ಗ್ರೋವ್ ಕಡೆ ಬೇರೆ ಕೆಲಸ ಹಿಡಿದ. ಮೇ ತಿಂಗಳಿಗೆ ಆರು ತಿಂಗಳು ಮುಗಿಯಿತು. ಮನೆಗೆ ವಾಪಸು ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ನಾನು ಇಲ್ಲಿಗೆ ಬಂದೆ.

ಇಲ್ಲಿ ನಮ್ಮ ಮೋಟೆಲ್ ಇರುವುದು ಸೆಂಟ್ರಲ್ ಟೈಮಿನಲ್ಲಿ, ಅಗೆಯುವ ಜಾಗ ಈಸ್ಟರ್ನ್ ಟೈಮಿನಲ್ಲಿ. ಎರಡರ ಗಡಿ ಕಾಡಿನ ಮಧ್ಯೆ ಎಲ್ಲೋ ಇದೆ. ದಿನಾ ಬೆಳಿಗ್ಗೆ ವ್ಯಾನಿನಲ್ಲಿ ಹೋಗುವಾಗ ಎಲ್ಲರ ಫೋನೂ ಒಂದು ಗಂಟೆ ಮುಂದಕ್ಕೆ ಹಾರುತ್ತದೆ, ಸಾಯಂಕಾಲ ಹಿಂದಕ್ಕೆ. ಹೋದ ವಾರ ಹಾಗೆ ಫೋನು ಹಾರಿದಾಗ, ಅಜ್ಜಿಗೆ ಫೋನು ಮಾಡಬೇಕಿತ್ತಲ್ಲ, ಮಂಡ್ಯದಲ್ಲಿ ಈಗ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿದೆ. ಮತ್ತೊಮ್ಮೆ ಹಾಕಿದೆ. ನೋವೈನಲ್ಲಿ ಗುರುವಾರ ಸಾಯಂಕಾಲ ಆರು ಮುಕ್ಕಾಲು ಎಂದರೆ ಅಲ್ಲಿ ಶುಕ್ರವಾರ ಬೆಳಗಿನ ಜಾವ. ಜೋಯಿಸರು ನೋಡಿದ್ದು ಅವರ ಊರಿನ ಗುರುವಾರದ ಸಾಯಂಕಾಲವನ್ನು. ಫೋನಿನಲ್ಲೇ ಪಂಚಾಂಗ ತೆಗೆದು ನೋಡಿದೆ. ರೇವತಿ ಅಲ್ಲಿ ಗುರುವಾರ ರಾತ್ರಿಯೇ ಮುಗಿದಿತ್ತು. ಅಮ್ಮ ಹೋದಾಗ ಮುಂದಿನ ನಕ್ಷತ್ರ, ಅಶ್ವಿನಿ. ಯಾವ ದೋಷವೂ ಇರಲಿಲ್ಲ. ಮನೆ ಮುಚ್ಚಬೇಕಾಗಿರಲಿಲ್ಲ.

ಇದನ್ನು ಯಾರಿಗೆ ಹೇಳುವುದು? ದೊಡ್ಡಮ್ಮನಿಗೆ ಹೇಳಿದರೆ ಆ ಫರ್ನೇಸು ಅವರ ಕೊರಳಿಗೆ ಬೀಳುತ್ತದೆ. ಅಜ್ಜಿಗೆ ಹೇಳಲಾಗದು. ಅಪ್ಪನಿಗಾದರೂ ಹೇಳಿ ಏನು ಉಪಯೋಗ ಎಂದುಕೊಳ್ಳುತ್ತಿರುವಾಗಲೇ ಅವನ ಫೋನು ಬಂತು.

"ಪುಟ್ಟೀ, ಮನೆಗೆ ಒಳ್ಳೆ ಪಾರ್ಟಿ ಸಿಕ್ತು. ಶುಕ್ರವಾರ ಕ್ಲೋಸಿಂಗು, ಸೈನ್ ಹಾಕಿದ್ರೆ ಮುಗೀತು. ಎಲ್ಲಾ ಆನ್‌ಲೈನಲ್ಲೇ ಆಗೋಗತ್ತೆ, ನಾವು ಅಲ್ಲಿಗೆ ಹೋಗ್ಬೇಕಿಲ್ಲ. ಬುಧವಾರ ನಿಂದು ಮುಗಿಯತ್ತಲ್ವಾ, ನಾನೇ ಡ್ರೈವ್ ಮಾಡ್ಕೊಂಡು ಬಂದು ಕರ್ಕೊಂಡು ಹೋಗ್ತೀನಿ."

"ಆಯ್ತಪ್ಪ," ಎಂದೆ.

ನನಗೆ ಬೇಕಾದದ್ದು ಬಹಳ ಸಣ್ಣದು. ಮಾರುವ ಮುಂಚೆ ಒಂದು ಸಲ ಆ ಮನೆಯೊಳಗೆ ಹೋಗಬೇಕು. ವಿಸ್ಕಾನ್ಸಿನ್ ಮೇಲೆ ಪ್ಲೇನ್‌ಫೀಲ್ಡಿಗೆ ಇಳಿಯುವ ಬದಲು ಅಂಗೈ ಕಡೆಗೆ ಹೋಗುವ ಸೇತುವೆ ದಾಟಿ ನೋವೈ ಕಡೆ ಹೋಗೋಣ ಎಂದು ಹೇಳಬೇಕು, ಅಷ್ಟೆ. ಆ ವಾಕ್ಯವನ್ನು ಡೈರಿಯಲ್ಲಿ ಬೇರೆ ಬೇರೆ ರೀತಿ ಬರೆದೆ. ಜರಡಿ ಹಿಡಿಯುವಾಗ ಬಾಯಲ್ಲೇ ಆಡಿ ನೋಡಿದೆ. ಅಪ್ಪ "ಅಲ್ಲೇನಿದೆ?" ಎನ್ನುತ್ತಾನೆ. ಅಲ್ಲಿಗೆ ಬಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ಬುಧವಾರ ಅಪ್ಪ ಬಂದಾಗ ನಾವು ಕೊನೆಯ ಫೋಟೋಗಳನ್ನು ತೆಗೆಯುತ್ತಿದ್ದೆವು. ಆಫೀಸಿನ ಬೂಟು, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ದೊಡ್ಡ ಕೂಲರು. ಸೊಳ್ಳೆಗಳನ್ನು ಓಡಿಸುತ್ತ ಬಂದ.

"ಇದೇನೇ ಇದು, ಹಾಳು ಸೊಳ್ಳೆ ನಮ್ ಮದ್ದೂರಲ್ಲೂ ಇಷ್ಟಿಲ್ಲ! ದಾರೀಲಿ ಫೋನು ಒಂದು ಗಂಟೆ ನುಂಗಾಕ್ಬಿಡ್ತು ಬೇರೆ. ತಗೋ, ನಿಮ್ ದೊಡ್ಡಮ್ಮ ಇಡೀ ಕ್ಯಾಂಪಿಗೇ ಪುಳಿಯೋಗರೆ ಕಟ್ಟಿದಾರೆ."

ಎಲ್ಲರೂ ಬರ್ಚ್ ಮರದ ಕೆಳಗೆ ಕೂತು ಪೇಪರ್ ತಟ್ಟೆಯಲ್ಲಿ ಪುಳಿಯೋಗರೆ ತಿಂದರು. ನಮ್ಮ ಪ್ರೊಫೆಸರ್ ಎರಡು ಸಲ ಹಾಕಿಸಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಮತ್ತೂ ಹಾಕಿಸಿಕೊಂಡರು. ಎಲ್ಲರೂ ಮಾತಾಡುತ್ತಿದ್ದಾಗ ನಾನು ಮೆಲ್ಲಗೆ ಕೇಳಿದೆ, "ಅಪ್ಪ, ನಮ್ಮ ಕಿಚನ್ ಲೈಟಿನ ಸ್ವಿಚ್ಚು ಯಾವ ಕಡೆ ಇತ್ತು?"

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಕಡಲೆಬೀಜವನ್ನು ಒಂದು ಬದಿಗೆ ಸರಿಸಿದ. "ಗೊತ್ತಿಲ್ಲ ಕಣೇ," ಎಂದ. "ನಾನು ಹೋಗೋ ಹೊತ್ಗೆ ಅವಳು ಹಾಕಿರ್ತಿದ್ಲು."

ನಾನು ಎದ್ದು ಖಾಲಿ ತಟ್ಟೆಗಳನ್ನು ಒಟ್ಟುಮಾಡಿದೆ.

ಉಳಿದವರು ಸಾಮಾನು ಕಟ್ಟಲು ಎದ್ದಾಗ ಅಪ್ಪನಿಗೆ ಮನೆ ತೋರಿಸಲು ಕರೆದುಕೊಂಡು ಹೋದೆ. ನಾಲ್ಕೂ ಕಡೆ ಗೂಟ, ದಾರ, ಮಧ್ಯೆ ಮೊಣಕಾಲಾಳದ ಚೌಕ ಗುಂಡಿ. ಅಪ್ಪ ದಾರದ ಆಚೆ ನಿಂತು ಬಗ್ಗಿ ನೋಡಿದ.

"ಇಷ್ಟೇನಾ? ಎಲ್ಲೇ ಮನೆ?"

"ಇದೇ."

"ಏನೂ ಇಲ್ವಲ್ಲೇ ತೇಜು."

"ನೋಡು, ಅಲ್ಲಿ ಮಣ್ಣು ಕಪ್ಪಗಿದೆಯಲ್ಲ, ರೌಂಡಾಗಿ. ಅಲ್ಲೊಂದು ಕಂಬ ಇತ್ತು. ಕಂಬ ಕೊಳೆತುಹೋಯ್ತು, ಅದು ನಿಂತಿದ್ದ ಗುಳಿಗೆ ಬೇರೆ ಮಣ್ಣು ತುಂಬ್ಕೊಂಡಿದೆ. ಅಲ್ಲಿ ಇನ್ನೊಂದು. ಅಲ್ಲಿ. ಹಿಂಗೇ ಸುತ್ತ ಬರುತ್ತೆ." ನಾನು ಇಷ್ಟು ಉದ್ದ ಮಾತಾಡಿದ್ದು ಕೇಳಿ ಅಪ್ಪ ನನ್ನ ಮುಖ ನೋಡಿದ. "ಇಲ್ಲಿ ಎರಡು ಕಲೆ ಮಧ್ಯೆ ಜಾಗ ಜಾಸ್ತಿ ಇದೆ. ಇದು ಬಾಗಿಲು. ನೀರಿನ ಕಡೆಗಿತ್ತು."

ಅಪ್ಪ ನಿಂತಿದ್ದ ಕಡೆಯಿಂದಲೇ ದಾರ ದಾಟಿ ಇಳಿಯಬಹುದಿತ್ತು. ಹಾಗೆ ಮಾಡಲಿಲ್ಲ. ಸುತ್ತು ಹಾಕಿ ಬಂದು, ಆ ಎರಡು ಕಲೆಗಳ ಎದುರು ಬೂಟು ಬಿಚ್ಚಿಟ್ಟು, ಕಾಲುಚೀಲದಲ್ಲಿ ಒಳಗೆ ಇಳಿದ. ಆಚೆ ಟೆಂಟು ಮಡಿಸುತ್ತಿದ್ದ ಹುಡುಗಿಯೊಬ್ಬಳು ನಕ್ಕಳು. ಅಪ್ಪ ನಗಲಿಲ್ಲ. "ಮನೆ ಅಂದ್ಮೇಲೆ..." ಎಂದು ಅರ್ಧಕ್ಕೇ ಬಿಟ್ಟ.

ಒಲೆಯ ಹತ್ತಿರ ಇಬ್ಬರೂ ಕುಕ್ಕರಗಾಲಿನಲ್ಲಿ ಕೂತೆವು. ಕಾದು ಬಿರುಕುಬಿಟ್ಟ ಕಲ್ಲುಗಳ ಅರ್ಧ ವೃತ್ತ, ಒಂದು ಮಡಕೆಯ ಬೋಕಿ ಸಿಕ್ಕಿದ್ದ ಜಾಗದಲ್ಲಿ ಸಣ್ಣ ಗುರುತು. ಇನ್ನರ್ಧ ಮಣ್ಣಿನೊಳಗೇ ಇತ್ತು.

"ಇದನ್ಯಾಕೆ ಬಿಟ್ರಿ?"

"ಬಿಡ್ಬೇಕು ಅಂತ ಮಾತಾಗಿದೆ. ಎಲ್ಲಾನೂ ನಾವೇ ನೋಡಿ ಮುಗಿಸ್ಬಾರ್ದು."

ಗುಂಡಿ ಮುಚ್ಚುವ ಮುಂಚೆ ತಳಕ್ಕೆ ಒಂದು ಬಟ್ಟೆ ಹಾಸಿ, ಅದರ ಮೇಲೆ ಈ ವರ್ಷದ ಒಂದು ನಾಣ್ಯ ಇಡುತ್ತೇವೆ. ಮುಂದೆ ಎಂದಾದರೂ ಯಾರಾದರೂ ಅಗೆದರೆ, ಇಲ್ಲಿಯವರೆಗೆ ಒಮ್ಮೆ ಯಾರೋ ಬಂದುಹೋಗಿದ್ದಾರೆ ಎಂದು ತಿಳಿಯಲಿ ಎಂದು. ಇದನ್ನು ಹೇಳಿದಾಗ ಅಪ್ಪ ತಾನೇ ಕೊಡುತ್ತೇನೆಂದು ಜೇಬಿಗೆ ಕೈ ಹಾಕಿ ತೆಗೆದ. ಅಂಗೈ ಮೇಲೆ ಚಿಲ್ಲರೆಯ ಜೊತೆ ಒಂದು ಬೀಗದ ಕೈ ಬಂತು. ಅದಕ್ಕೆ ಸುತ್ತಿದ್ದ ಹಸಿರು ಉಲ್ಲನ್ ನೂಲು ಮಾಸಿ ಕಪ್ಪಾಗಿತ್ತು. ಗರಾಜಿನದಕ್ಕೂ ಮುಂಬಾಗಿಲಿನದಕ್ಕೂ ವ್ಯತ್ಯಾಸ ಗೊತ್ತಾಗಲೆಂದು ಅಮ್ಮ ಸುತ್ತಿದ್ದು. ಮನೆ ತೋರಿಸುವ ಏಜೆಂಟಿಗೆ ಎಲ್ಲ ಕೀಗಳನ್ನೂ ಕೊಟ್ಟಾಯಿತು ಎಂದು ಅಪ್ಪ ಎಂದೋ ಹೇಳಿದ್ದ. ಈಗ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡು ನಾಣ್ಯವನ್ನು ಮಾತ್ರ ನನ್ನ ಕೈಗೆ ಕೊಟ್ಟ.

ಅಗೆದ ಅಂಚಿನಲ್ಲಿ ಪದರಗಳು ಕಾಣುತ್ತಿದ್ದವು. ಅಪ್ಪ ಬೆರಳು ತೋರಿಸಿದ. "ಈ ಕಪ್ಪುದು ಬೂದಿನಾ? ಅದರ ಮೇಲೆ ಬಿಳೀದೇನು?"

"ಮರಳು. ದಂಡೆಯಿಂದ ತಂದಿದ್ದು. ಗಾಳಿಗೆ ಬಂದು ಬಿದ್ದಿದ್ದಲ್ಲ, ಯಾರೋ ತಂದು ಹಾಕಿರೋದು. ಬೆಂಕಿ ಇನ್ನೂ ಬಿಸಿ ಇರುವಾಗಲೇ ಮರಳು ಹಾಕಿ ಆರಿಸಿ ಹೋಗಿದಾರೆ. ಆಮೇಲೆ ಇಲ್ಲಿ ಯಾರೂ ಒಲೆ ಹಚ್ಚಿಲ್ಲ. ಗೊತ್ತಿರೋದು ಇಷ್ಟೇ."

ಅಪ್ಪ ಆ ಬಿಳಿ ಗೆರೆಯನ್ನೇ ನೋಡಿದ. "ಯಾರೋ ಸತ್ತಿರ್ಬೇಕು," ಎಂದ.

"ಹಾಗಂತ ಹೇಳೋಕಾಗಲ್ಲಪ್ಪ. ಚಳಿಗಾಲಕ್ಕೆ ಬೇರೆ ಕಡೆ ಹೋಗಿರ್ಬೋದು. ಎವಿಡೆನ್ಸ್ ಇಲ್ಲ."

"ವಾಪಸ್ ಬರೋರು ಬೂದಿ ಒಳ್ಗೆ ಕೆಂಡ ಮುಚ್ಚಿಟ್ಟು ಹೋಗ್ತಾರೆ. ನಮ್ಮಜ್ಜಿ ದಿನಾ ಹಂಗೇ ಮಾಡ್ತಿದ್ದಿದ್ದು. ಮರಳು ಯಾರೂ ಹಾಕಲ್ಲ."

ನೀರಿನ ಕಡೆಯಿಂದ ತಣ್ಣನೆ ಗಾಳಿ ಬಂತು. ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದ ವಾಕ್ಯ ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದೇ ಬೇರೆ.

"ಅಪ್ಪ, ನಿನ್ನ ಆಫೀಸ್ ರೂಮಲ್ಲಿ ಎರಡು ಗಡಿಯಾರ ಇತ್ತಲ್ಲ."

"ಹೂಂ."

"ಒಂದು ಇಲ್ಲಿಂದು, ಒಂದು ಬೆಂಗಳೂರಿಂದು. ಕಾಲ್‌ಗೆ ಅಂತ."

ಅಪ್ಪ ಕೈಗೆ ಅಂಟಿದ ಮಣ್ಣನ್ನು ಒಂದೊಂದೇ ಬೆರಳಿನಿಂದ ಉಜ್ಜಿ ತೆಗೆದ. ಇಪ್ಪತ್ತು ವರ್ಷ ಬೆಳಿಗ್ಗೆ ಎದ್ದು ಬೆಂಗಳೂರಿನವರ ಜೊತೆ ಮೀಟಿಂಗು ಮಾಡಿದವನು. ಅಲ್ಲಿ ಎಷ್ಟು ಹೊತ್ತು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವನು.

"ಯಾವಾಗ ಗೊತ್ತಾಯ್ತು ನಿಂಗೆ?" ಎಂದ.

"ಹೋದ ವಾರ."

"ನಂಗೆ ಆವತ್ತೇ. ಜೋಯಿಸ್ರು ಆ ಕಡೆ ಹಾಳೆ ತಿರುಗಿಸ್ತಿದ್ರಲ್ಲ, ಆಗ್ಲೇ. ಅಲ್ಲಾ ಸ್ವಾಮಿ, ಅದು ನಿಮ್ ಗುರುವಾರ ಅಲ್ಲ ಅಂತ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಆರು ತಿಂಗ್ಳು ಮನೆ ಬಿಡ್ಬೇಕು ಅಂದ್ರು." ಅಪ್ಪನ ದನಿ ಸಣ್ಣದಾಯಿತು. "ಯಾರೋ ಬಂದು ಕಟ್ಟು ಬಿಚ್ಚಿದಂಗಾಯ್ತು ತೇಜು. ಸುಮ್ನಾಗ್ಬಿಟ್ಟೆ."

ನಾನು ಮರಳನ್ನು ನೋಡುತ್ತಿದ್ದೆ.

"ಆ ಬಾಡಿಗೆ ಮಂಚ ತಗೊಂಡು ಹೋದ್ರಲ್ಲ, ಆಮೇಲೆ ಕಾರ್ಪೆಟ್ ಮೇಲೆ ನಾಲ್ಕು ಗುಳಿ ಉಳಿದಿತ್ತು. ನೋಡಿದ್ಯಾ ನೀನು? ಮಂಚದ ಕಾಲಿನ ಗುಳಿ. ವ್ಯಾಕ್ಯೂಮ್ ಮಾಡಿದೆ, ಕೈಯಲ್ಲಿ ಉಜ್ಜಿದೆ. ಮೇಲೇಳ್ಲಿಲ್ಲ. ಬಾತ್‌ರೂಮಿಗೆ ಹೋಗ್ಬೇಕಾದ್ರೂ ಅದನ್ನ ದಾಟ್ಕೊಂಡೇ ಹೋಗ್ಬೇಕು. ನನ್ ಕೈಲಾಗ್ತಿರ್ಲಿಲ್ಲ ಪುಟ್ಟೀ. ನಕ್ಷತ್ರದ ಹೆಸರು ಸಿಕ್ತು, ಓಡಿಬಂದೆ. ಪದ್ಮಕ್ಕಂಗೆ ಮಾತ್ರ ಇದು ಗೊತ್ತಾಗೋದು ಬೇಡ. ಫರ್ನೇಸ್ ವಿಷ್ಯಕ್ಕೇ ಅವ್ರು ಅರ್ಧ ಆಗೋಗಿದಾರೆ."

ಆಚೆ ಯಾರೋ ಸಲಿಕೆಗಳನ್ನು ವ್ಯಾನಿಗೆ ಎಸೆದ ಸದ್ದು. ಪ್ರೊಫೆಸರ್ ಇತ್ತ ಒಮ್ಮೆ ನೋಡಿ, ಮುಚ್ಚುವ ಕೆಲಸ ಶುರು ಮಾಡಲೇ ಎಂದು ಕೈಸನ್ನೆ ಮಾಡಿದರು. ಒಂದು ನಿಮಿಷ ಎಂದು ನಾನು ಕೈ ಎತ್ತಿದೆ.

"ನಿಂಗೂ ಒಳ್ಳೇದೇ ಆಯ್ತು ಅಂದ್ಕೊಂಡೆ," ಎಂದ ಅಪ್ಪ. "ಅಲ್ಲಿ ದೊಡ್ಡಮ್ಮ ಇದ್ರು, ಮನೆ ತುಂಬ ಜನ. ನೀನು ಒಂದಿನ ಅತ್ತಿದ್ದು ನೋಡ್ಲಿಲ್ಲ ನಾನು. ಹುಡುಗಿ ಗಟ್ಟಿ ಇದಾಳೆ, ಹೆಂಗೋ ದಾಟ್ಕೊಂಡ್ಲು ಅಂದ್ಕೊಂಡೆ. ಚೆನ್ನಾಗಿದ್ದೆ ತಾನೇ ಅಲ್ಲಿ? ಹೇಳು. ಅಷ್ಟೊಂದೇನೂ ಕಷ್ಟ ಆಗ್ಲಿಲ್ಲ ಅಲ್ವಾ?"

ಅವನ ಕಣ್ಣು ನನ್ನ ಬಾಯಿಯ ಮೇಲಿತ್ತು. ಅಲ್ಲಿಂದ ಏನು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದನ್ನೇ ಕಾಯುತ್ತಿದ್ದ. ನನಗೂ ಗೊತ್ತಿತ್ತು. ಪರವಾಗಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಾಗಿತ್ತು. ಹೇಳಿಬಿಟ್ಟರೆ ಇಬ್ಬರೂ ಏಳುತ್ತೇವೆ, ಅಪ್ಪ ಬೂಟು ಹಾಕಿಕೊಳ್ಳುತ್ತಾನೆ, ವಿಸ್ಕಾನ್ಸಿನ್ ಮೇಲೆ ಹಾಡು ಹಾಕಿಕೊಂಡು ಇಳಿಯುತ್ತೇವೆ, ಶುಕ್ರವಾರ ತಾನಾಗಿ ಬಂದು ಹೋಗುತ್ತದೆ. ಕೈಯಲ್ಲಿದ್ದ ನಾಣ್ಯ ಬೆವರಿಗೆ ಒದ್ದೆಯಾಗಿತ್ತು. ಅದನ್ನು ಒಲೆಯ ಕಲ್ಲಿನ ಪಕ್ಕ ಇಟ್ಟೆ.

"ಇಲ್ಲಪ್ಪ," ಎಂದೆ. "ನಂಗೆ ಆ ಮನೇಲಿ ಅಳ್ಬೇಕಿತ್ತು."